ಬಿಡುವುದಕ್ಕೂ ಒಂದು ಕ್ರಮ

ಬಿಡುವುದೆಂದರೆ ಒಂದೇ ಏಟಿಗೆ ಬಿಡುವುದು ಎಂಬ ಭಾವನೆ ನಮ್ಮ ಜನದ ಮನಸ್ಸಿನಲ್ಲಿ ಬಹಳ ಆಳಕ್ಕೆ ಇಳಿದಿದೆ. ನಸ್ಯವನ್ನು ಬಿಟ್ಟವನು, ಬೀಡಿಯನ್ನು ಬಿಟ್ಟವನು, ಇಸ್ಪೀಟನ್ನು ಬಿಟ್ಟವನು, "ಅವತ್ತು ಬಿಟ್ಟೆ, ಮತ್ತೆ ಮುಟ್ಟಲಿಲ್ಲ" ಎಂದು ಹೇಳಿಕೊಳ್ಳುವಾಗ ಕೇಳುವವರ ಕಣ್ಣಿನಲ್ಲಿ ಗೌರವ ಮೂಡುತ್ತದೆ. ದಿನಕ್ಕಿಷ್ಟು ಕಡಮೆ ಮಾಡುತ್ತ ವರ್ಷವೆಲ್ಲ ಬಿಡುತ್ತಲೇ ಇರುವವನಿಗೆ ದೊರೆಯುವುದು ನಗೆ ಮಾತ್ರ. ತ್ಯಾಗವೆಂಬುದು ಸಂಕಲ್ಪದ ಫಲ, ಸಂಕಲ್ಪವೆಂಬುದು ಒಂದು ಕ್ಷಣದ ಕಾರ್ಯ, ಆದುದರಿಂದ ತ್ಯಾಗವೂ ಆ ಕ್ಷಣದಲ್ಲಿಯೇ ಮುಗಿಯತಕ್ಕದ್ದು ಎಂಬ ತರ್ಕ ಇದರ ಹಿಂದಿದೆ. ಈ ತರ್ಕ ಎಷ್ಟೋ ಮನೆಗಳಿಗೆ ಒಳ್ಳೆಯದನ್ನು ಮಾಡಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆತಂಕದ ಶಮನಕ್ಕೆಂದೂ ನಿದ್ರೆಗೆಂದೂ ವೈದ್ಯರು ಬರೆದುಕೊಡುವ ಒಂದು ಜಾತಿಯ ಮಾತ್ರೆಗಳ ವಿಷಯದಲ್ಲಿ ಇದೇ ತರ್ಕ ಪ್ರಾಣಾಪಾಯಕ್ಕೆ ದಾರಿಯಾಗಬಲ್ಲುದು. ಅಲ್ಲಿ ಶ್ಲಾಘ್ಯವಾದುದು ಸಂಕಲ್ಪದ ಬಿರುಸಲ್ಲ, ಕ್ರಮದ ತಾಳ್ಮೆ ಎಂಬುದು ನನ್ನ ವಾದ.

ಮಲ್ಲತ್ತಹಳ್ಳಿಯ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವ ನಾವು ನಾಲ್ಕಾರು ಮಂದಿ ವಯಸ್ಸಾದವರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮೇಷ್ಟ್ರೆಂದೇ ಕರೆಯುವುದು. ಪತ್ನೀವಿಯೋಗದ ಹೊಸದರಲ್ಲಿ ನಿದ್ರೆ ಬಾರದೆ, ಎದೆ ಡವಗುಟ್ಟಿ, ವೈದ್ಯರೊಬ್ಬರಲ್ಲಿಗೆ ಹೋದಾಗ, ರಾತ್ರಿಗೊಂದರಂತೆ 0.5 ಮಿಲಿಗ್ರಾಂ ಆಲ್ಪ್ರಜೋಲಾಂ ಮಾತ್ರೆ ಹದಿನೈದು ದಿನಕ್ಕೆಂದು ಅವರಿಗೆ ದೊರೆಯಿತು. ಹದಿನೈದು ದಿನ ನಾಲ್ಕು ವರ್ಷವಾಯಿತು. ಚೀಟಿ ಮಾಸಿ, ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿಸಿಕೊಂಡು, ಕೊನೆಗೆ ಚೀಟಿಯೇ ಬೇಡವೆನ್ನುವಷ್ಟು ಮೆಡಿಕಲ್ ಅಂಗಡಿಯ ಹುಡುಗನಿಗೆ ಅವರ ಮುಖ ಪರಿಚಯವಾಯಿತು; ರಾತ್ರಿಯ ಒಂದಕ್ಕೆ ಬೆಳಗಿನದೊಂದು, ಸಂಜೆಯದೊಂದು ಸೇರಿ ದಿನಕ್ಕೆ ಮೂರಾದುವು. ಒಂದು ಭಾನುವಾರ ಮಗಳು ಫೋನಿನಲ್ಲಿ, "ಅಪ್ಪಾ, ಇದು ನಿಮಗೆ ಚಟ ಆಗಿಹೋಗಿದೆ" ಎಂದಳಂತೆ. ಮಾತು ನಾಟಿತು. ಮರುದಿನ ಕೆರೆಯ ಏರಿಯ ಮೇಲೆ ಎದುರಾದವರೇ, "ಬಿಟ್ಟುಬಿಟ್ಟೆ ಕಣ್ರೀ ಮಾತ್ರೆನ, ಒಂದೇ ಏಟಿಗೆ. ಸ್ಟ್ರಿಪ್ಪು ಸಮೇತ ಕಸದ ಗಾಡಿಗೆ ಹಾಕಿದೆ" ಎಂದರು. ನಾವು ಭೇಷ್ ಎಂದೆವು. ಈ ಲೇಖನವನ್ನು ಬರೆಯುವುದಕ್ಕೆ ಆ ಭೇಷ್ ಎಂಬ ಮಾತೇ ಮುಖ್ಯ ಕಾರಣ. ಅದರಲ್ಲಿ ನನ್ನ ಪಾಲೂ ಇತ್ತು.

ಅಂದು ರಾತ್ರಿ ಅವರಿಗೆ ಕಣ್ಣು ಮುಚ್ಚಲಿಲ್ಲ. ಮರುದಿನ ಕಾಫಿಯ ಲೋಟ ತುಟಿಗೆ ಮುಟ್ಟುವ ಮುನ್ನವೇ ಅರ್ಧ ಚೆಲ್ಲಿತು. ಮೂರನೆಯ ದಿನ ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು ತಲೆಯೊಳಗೇ ಬಿದ್ದಂತಾಯಿತು. ಕಿಟಕಿಯ ಬೆಳಕು ಸಹಿಸದಾಯಿತು. ಕೂತಲ್ಲಿ ಮೈ ಬೆವರಿತು. ಇದೆಲ್ಲ ತಮ್ಮ ಮನೋದೌರ್ಬಲ್ಯವೆಂದು ಬಗೆದು ಅವರು ಹಲ್ಲು ಕಚ್ಚಿಕೊಂಡಿದ್ದರು. ನಾಲ್ಕನೆಯ ದಿನ ಬೆಳಗಿನ ಜಾವ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಮನೆಯವರು ಸಕ್ಕರೆ ಕಾಯಿಲೆಯ ಮಾತ್ರೆ, ಬಿ.ಪಿ. ಮಾತ್ರೆ ಎಲ್ಲವನ್ನೂ ವೈದ್ಯರ ಮುಂದೆ ಹೇಳಿದರು. ನಿದ್ದೆ ಮಾತ್ರೆಯೊಂದನ್ನು ಹೇಳಲಿಲ್ಲ, ಏಕೆಂದರೆ ಅದನ್ನು ಬಿಟ್ಟುದು ಅವರ ಎಣಿಕೆಯಲ್ಲಿ ಶುಭವಾರ್ತೆಯೇ ಹೊರತು ರೋಗದ ವಾರ್ತೆಯಲ್ಲ. "ಈಚೆಗೆ ಯಾವುದಾದರೂ ಮಾತ್ರೆ ನಿಲ್ಲಿಸಿದ್ದಾರಾ?" ಎಂದು ತರುಣ ವೈದ್ಯೆಯೊಬ್ಬರು ಕೇಳಿದ ಬಳಿಕವೇ ಗಂಟು ಬಿಚ್ಚಿತು.

ಹೀಗೇಕಾಯಿತೆಂಬುದಕ್ಕೆ ನಾವು ನಡೆಯುವ ಕೆರೆಯಲ್ಲಿಯೇ ಒಂದು ಹೋಲಿಕೆಯಿದೆ. ನಮ್ಮ ಕೆರೆ ಇಂದು ನಡೆದಾಡುವವರ ಕೆರೆ. ಅದರ ಸುತ್ತ ಬಡಾವಣೆಗಳು ಎದ್ದು, ಒಂದು ಕಡೆ ಜ್ಞಾನಭಾರತಿಯೂ ಇನ್ನೊಂದು ಕಡೆ ನಾಗರಭಾವಿಯೂ ಒತ್ತಿಕೊಂಡು ಬಂದಿರುವಾಗ, ಇದೂ ಒಂದು ಹಳ್ಳಿಯ ಕೆರೆಯಾಗಿತ್ತೆಂಬುದು ಹೊಸಬರಿಗೆ ಹೊಳೆಯುವುದು ಕಷ್ಟ. ಆದರೆ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದವರೆಲ್ಲರಿಗೂ ಒಂದು ಸಂಗತಿ ಗೊತ್ತಿತ್ತು: ನೀರನ್ನು ನಿಲ್ಲಿಸುವುದಕ್ಕೆ ಏರಿ ಎಷ್ಟು ಅವಶ್ಯವೋ ಬಿಡುವುದಕ್ಕೆ ತೂಬು ಅಷ್ಟೇ ಅವಶ್ಯ, ತೂಬನ್ನು ಎಷ್ಟು ಎತ್ತಬೇಕೆಂಬುದನ್ನು ಗದ್ದೆಯ ಅವಸರ ಗೊತ್ತುಮಾಡುತ್ತಿರಲಿಲ್ಲ, ನೀರುಗಂಟಿ ಗೊತ್ತುಮಾಡುತ್ತಿದ್ದನು. ನೀರು ಬೇಕೆಂದು ಏರಿಯನ್ನೇ ಒಡೆದವನಿಗೆ ನೀರೂ ದಕ್ಕದು, ಗದ್ದೆಯೂ ಉಳಿಯದು.

ಮೆದುಳಿನಲ್ಲಿ ನಡೆಯುವುದೂ ಹೆಚ್ಚುಕಡಮೆ ಇದೇ. ನರಕೋಶಗಳ ಉದ್ರೇಕವನ್ನು ತಣಿಸುವುದಕ್ಕೆಂದು ಪ್ರಕೃತಿ ಅಲ್ಲಿ ಗಾಬಾ ಎಂಬ ರಾಸಾಯನಿಕವನ್ನು ಇರಿಸಿದೆ. ಬೆಂಜೋಡಯಜೆಪೀನ್ ಎಂಬ ವರ್ಗಕ್ಕೆ ಸೇರಿದ ಔಷಧಗಳು, ಅಂದರೆ ಡಯಜೆಪಾಂ, ಆಲ್ಪ್ರಜೋಲಾಂ, ಕ್ಲೋನಜೆಪಾಂ, ಲೋರಜೆಪಾಂ ಮೊದಲಾದುವು, ಈ ಗಾಬಾದ ಕಾರ್ಯಕ್ಕೆ ಬಲವನ್ನು ಕೂಡಿಸುತ್ತವೆ. ಹದಿನೈದು ದಿನದ ಮಟ್ಟಿಗೆ ಅದು ಉಪಕಾರವೇ. ಆದರೆ ವಾರಗಳು ತಿಂಗಳುಗಳಾಗಿ, ಹೊರಗಿನ ಈ ಬಲ ನಿತ್ಯವೂ ದೊರೆಯುತ್ತದೆಂದು ಮೆದುಳು ಅರಿತುಕೊಂಡ ಮೇಲೆ, ಅದು ತನ್ನ ಸ್ವಂತ ತಣಿಸುವಿಕೆಯನ್ನು ಕುಗ್ಗಿಸಿ, ಎದುರಿಗಿರುವ ಉದ್ರೇಕದ ಶಕ್ತಿಯನ್ನು ಹಿಗ್ಗಿಸಿಕೊಂಡು, ಸಮತೋಲವನ್ನು ಹೊಸದಾಗಿ ಹೂಡಿಕೊಳ್ಳುತ್ತದೆ. ಏರಿಯನ್ನು ಎತ್ತರಿಸಿದಷ್ಟೂ ಅದರ ಹಿಂದೆ ನೀರು ಏರುವಂತೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ, ನಿಂತುದು ಮಾತ್ರೆಯೊಂದೇ. ಹಿಂದೆ ತುಂಬಿ ನಿಂತಿದ್ದ ಉದ್ರೇಕವೆಲ್ಲ ಒಮ್ಮೆಗೇ ನುಗ್ಗುತ್ತದೆ. ನಡುಕ, ಬೆವರು, ನಿದ್ರಾಹೀನತೆ, ಸದ್ದು ಬೆಳಕುಗಳ ಅಸಹನೆ, ಚರ್ಮದ ಜುಮುಗುಟ್ಟುವಿಕೆ, ಮಾಂಸಖಂಡಗಳ ಬಿಗಿತ, ಕೆಲವರಲ್ಲಿ ಭ್ರಾಂತಿ, ಕೆಲವರಲ್ಲಿ ಸೆಳವು, ಇವೆಲ್ಲ ಆ ನುಗ್ಗುವಿಕೆಯ ರೂಪಗಳು. ಆಲ್ಪ್ರಜೋಲಾಂ ಸುಮಾರು 11 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವಂಥ ಔಷಧವಾದುದರಿಂದ ಅದನ್ನು ಬಿಟ್ಟ ಒಂದೆರಡು ದಿನಗಳಲ್ಲಿಯೇ ಇದು ತಲೆದೋರುತ್ತದೆ. ಡಯಜೆಪಾಂ ದೇಹದಲ್ಲಿ ಬಹುಕಾಲ ನಿಲ್ಲುವುದರಿಂದ ಅದರ ಉಪದ್ರವ ವಾರ ಕಳೆದ ಮೇಲೆ ಬರುವುದುಂಟು, ಅಷ್ಟರಲ್ಲಿ ಮನುಷ್ಯ ತಾನು ಗೆದ್ದೆನೆಂದು ಭಾವಿಸಿರುತ್ತಾನೆ.

ಇದು ಈಚೆಗೆ ತಿಳಿದುಬಂದ ರಹಸ್ಯವೇನಲ್ಲ. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ವರ್ಗದ ಮೊದಲ ಔಷಧ ಲಿಬ್ರಿಯಂ 1960ರಲ್ಲಿ ಪೇಟೆಗೆ ಬಂತು, ವ್ಯಾಲಿಯಂ 1963ರಲ್ಲಿ. ಆದರೆ 1961ರಲ್ಲಿಯೇ ಲಿಯೋ ಹಾಲಿಸ್ಟರ್ ಎಂಬ ಅಮೆರಿಕದ ವೈದ್ಯರು, ಲಿಬ್ರಿಯಮನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ಸೇವಿಸುತ್ತಿದ್ದ 11 ರೋಗಿಗಳಿಗೆ ಅದನ್ನು ಒಮ್ಮೆಗೇ ನಿಲ್ಲಿಸಿದಾಗ 10 ಮಂದಿಯಲ್ಲಿ ಹೊಸ ಲಕ್ಷಣಗಳು ಕಾಣಿಸಿಕೊಂಡುದನ್ನೂ ಇಬ್ಬರಿಗೆ ಸೆಳವು ಬಂದುದನ್ನೂ ಪ್ರಕಟಿಸಿದ್ದರು. ಎಚ್ಚರಿಕೆಯ ಮಾತು ಔಷಧದ ಬೆನ್ನಿಗೇ ಹುಟ್ಟಿತು. ಕೇಳುವ ಕಿವಿ ಹುಟ್ಟುವುದಕ್ಕೆ ಮಾತ್ರ ದಶಕಗಳು ಹಿಡಿದುವು. ಈ ವರ್ಗದ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರಗಳಿಗೆ ಮೀರಿ ಕೊಡಬಾರದೆಂದು ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ವಿಧಿಸಿದುದು 1988ರಲ್ಲಿ. ಅವಲಂಬನೆಯ ಮತ್ತು ಥಟ್ಟನೆ ಬಿಡುವುದರ ಅಪಾಯವನ್ನು ಪೆಟ್ಟಿಗೆ ಕಟ್ಟಿದ ಎಚ್ಚರಿಕೆಯಾಗಿ ಮುದ್ರಿಸಬೇಕೆಂದು ಅಮೆರಿಕ ಆಜ್ಞೆ ಮಾಡಿದುದು 2020ರಲ್ಲಿ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಚಟವೆಂದರೆ ಕೇಡೆಂದು ತಿಳಿದೂ ಸುಖಕ್ಕಾಗಿ ಅದರ ಬೆನ್ನು ಹತ್ತುವುದು. ಅವಲಂಬನೆಯೆಂದರೆ ದೇಹ ತನ್ನ ಲೆಕ್ಕವನ್ನು ಒಂದು ವಸ್ತುವಿನ ಇರುವಿಕೆಗೆ ಹೊಂದಿಸಿಕೊಂಡಿರುವುದು. ಕೆಲವರಲ್ಲಿ ಎರಡೂ ಕೂಡಿಕೊಳ್ಳಬಹುದು, ಆದರೆ ವೈದ್ಯರ ಚೀಟಿಯಿಂದ ಮೊದಲಾಗಿ ವರ್ಷಗಟ್ಟಲೆ ಸಾಗಿಬಂದ ಬಹುಮಂದಿಯಲ್ಲಿ ಇರುವುದು ಎರಡನೆಯದು. ಆಸ್ತಮಾಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸಿದವನಿಗೆ ಅದನ್ನು ಮೆಟ್ಟಲುಮೆಟ್ಟಲಾಗಿ ಇಳಿಸು ಎನ್ನುತ್ತೇವೆ. ಅವನನ್ನು ಯಾರೂ ಚಟಗಾರನೆನ್ನುವುದಿಲ್ಲ. ಮನಸ್ಸಿಗೆ ಸಂಬಂಧಿಸಿದ ಔಷಧವೆಂದ ಕೂಡಲೇ ದೇಹಧರ್ಮದ ಸಂಗತಿ ಶೀಲದ ಸಂಗತಿಯಾಗಿಬಿಡುತ್ತದೆ. ಮೇಷ್ಟ್ರ ಮಗಳು ಆಡಿದ ಮಾತು ಪ್ರೀತಿಯಿಂದಲೇ ಬಂದುದು. ಆದರೆ ಆ ಒಂದು ಶಬ್ದ ಅವರಲ್ಲಿ ಲಜ್ಜೆಯನ್ನು ಹುಟ್ಟಿಸಿತು, ಲಜ್ಜೆ ಅವಸರವನ್ನು ಹುಟ್ಟಿಸಿತು, ಅವಸರ ಅವರನ್ನು ಆಸ್ಪತ್ರೆಗೆ ಕೊಂಡೊಯ್ದಿತು.

ಒಬ್ಬರ ಮನೆಯಲ್ಲಿ ನಡೆದುದು ಒಂದು ಸೀಮೆಗೇ ನಡೆದರೆ ಹೇಗಿದ್ದೀತೆಂಬುದಕ್ಕೆ ನಮ್ಮ ಗಡಿಯ ಆಚೆಗೆ ಒಂದು ನಿದರ್ಶನವಿದೆ. ತೆಲಂಗಾಣದ ಊರೂರುಗಳಲ್ಲಿ ಸೇಂದಿ ಬಡವರ ಪಾನೀಯ. ಮರದಿಂದ ಇಳಿಯುವ ನಿಜವಾದ ಸೇಂದಿ ಬೇಡಿಕೆಗೆ ಸಾಲದೆ, ನೀರಿಗೆ ಡಯಜೆಪಾಂ, ಆಲ್ಪ್ರಜೋಲಾಂ ಅಥವಾ ಕ್ಲೋರಲ್ ಹೈಡ್ರೇಟ್ ಬೆರೆಸಿ ಮತ್ತೇರಿಸಿ ಮಾರುವ ದಂಧೆ ಅಲ್ಲಿ ಬೆಳೆದಿತ್ತು. ರಾಯಚೂರು ಸೀಮೆಯವರಿಗೂ ಸಿ.ಎಚ್. ಪೌಡರ್, ಅಂದರೆ ಇದೇ ಕ್ಲೋರಲ್ ಹೈಡ್ರೇಟ್, ಬೆರೆಸಿದ ಸೇಂದಿಯೆಂಬ ಮಾತು ಅಪರಿಚಿತವಲ್ಲ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಸರಕಾರ ಈ ಕಲಬೆರಕೆಯ ಮೇಲೆ ಬಿಗಿಯಾದ ಕ್ರಮ ಕೈಕೊಂಡಿತು. ಉದ್ದೇಶ ನಿರ್ದುಷ್ಟವಾದುದು, ವಿಷವನ್ನು ಮಾರಬಾರದೆಂಬುದಕ್ಕೆ ಯಾರು ಎದುರಾಡಿಯಾರು? ಆದರೆ ಕೆಲವೇ ದಿನಗಳಲ್ಲಿ ನಿಜಾಮಾಬಾದ್ ಜಿಲ್ಲೆಯಲ್ಲಿ, ನಮ್ಮ ರಾಯಚೂರಿಗೆ ತಗುಲಿದಂತಿರುವ ಅಂದಿನ ಮಹಬೂಬನಗರ ಜಿಲ್ಲೆಯಲ್ಲಿ, ಕೂಲಿನಾಲಿಯ ಜನ ನೂರಾರು ಸಂಖ್ಯೆಯಲ್ಲಿ ನಡುಗುತ್ತ, ಇಲ್ಲದುದನ್ನು ಕಾಣುತ್ತ, ಫಿಟ್ಸ್ ಬಂದು ಬೀಳುತ್ತ ಸರಕಾರಿ ಆಸ್ಪತ್ರೆಗಳಿಗೆ ಬಂದರು. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯೂ ತುಂಬಿತು. ತಾವು ಕುಡಿಯುತ್ತಿದ್ದುದರಲ್ಲಿ ಒಂದು ಔಷಧವಿತ್ತೆಂದೇ ಅವರಲ್ಲಿ ಬಹುಮಂದಿಗೆ ತಿಳಿಯದು. ತಿಳಿಯದವನ ಮೆದುಳೂ ತಿಳಿದವನ ಮೆದುಳಿನಂತೆಯೇ ಹೊಂದಿಕೊಂಡಿತ್ತು. ಇದನ್ನು ಕಂಡ ಮೇಲೆ, ಮಾತ್ರೆ ಬಿಟ್ಟವನ ನಡುಕ ಬರಿಯ ಮನಸ್ಸಿನ ಅಂಜಿಕೆಯೆಂದು ಹೇಳುವ ಧೈರ್ಯ ಯಾರಿಗೂ ಬರಬಾರದು.

ಈ ನಿದರ್ಶನದಿಂದ ಆಡಳಿತ ನಡೆಸುವವರು ಕಲಿಯತಕ್ಕ ಪಾಠವೊಂದಿದೆ. ಆಲ್ಪ್ರಜೋಲಾಂ, ಡಯಜೆಪಾಂ, ನೈಟ್ರಜೆಪಾಂ, ಲಿಬ್ರಿಯಮಿನ ಮೂಲದ್ರವ್ಯವಾದ ಕ್ಲೋರ್‌ಡಯಜೆಪಾಕ್ಸೈಡ್, ಇವೆಲ್ಲ 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ನಮ್ಮ ಔಷಧ ನಿಯಮಗಳ ಎಚ್1 ಎಂಬ ಅನುಸೂಚಿಯಲ್ಲಿ ಸೇರಿವೆ. ಚೀಟಿಯಿಲ್ಲದೆ ಮಾರಕೂಡದು, ಬರೆದ ವೈದ್ಯರ ಮತ್ತು ರೋಗಿಯ ಹೆಸರನ್ನೂ ಪ್ರಮಾಣವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡತಕ್ಕದ್ದು ಎಂಬುದು ವಿಧಿ. ವಿಧಿ ಪಾಲನೆಯಾಗಿದ್ದರೆ ಹದಿನೈದು ದಿನದ ಚೀಟಿ ನಾಲ್ಕು ವರ್ಷ ನಡೆಯುತ್ತಿರಲಿಲ್ಲ. ಆದರೆ ಇಷ್ಟು ಕಾಲ ಸಡಿಲ ಬಿಟ್ಟು, ಒಂದು ಬೆಳಗ್ಗೆ ಎಚ್ಚರಗೊಂಡು ಎಲ್ಲ ಅಂಗಡಿಗಳ ಬಾಗಿಲನ್ನೂ ಮುಚ್ಚಿಸುವುದು ಏರಿ ಒಡೆಯುವ ಆಡಳಿತ. ಹೊಸಬರಿಗೆ ಬಾಗಿಲನ್ನು ಬಿಗಿಯಾಗಿಸಬೇಕು; ಆಗಲೇ ಒಳಗಿರುವವರಿಗೆ ಹೊರಬರುವ ಮೆಟ್ಟಲುಗಳನ್ನು ಕಟ್ಟಬೇಕು. ಎರಡನೆಯದಿಲ್ಲದ ಮೊದಲನೆಯದು ಸುಧಾರಣೆಯಲ್ಲ.

ಹಾಗಾದರೆ ಮೆಟ್ಟಲುಗಳು ಹೇಗಿರಬೇಕು? ಮೊದಲ ಮಾತು, ಬಿಡುವ ನಿರ್ಧಾರ ರೋಗಿಯದಾದರೂ ಇಳಿಸುವ ಲೆಕ್ಕ ವೈದ್ಯರದಾಗಿರಬೇಕು. 2025ರಲ್ಲಿ ಅಮೆರಿಕದ ಹಲವು ವೈದ್ಯಸಂಘಗಳು ಕೂಡಿ ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಆಗಿನ ಪ್ರಮಾಣದ ಶೇಕಡ 5ರಿಂದ 10ರಷ್ಟು ಕಡಮೆ ಮಾಡುತ್ತ ಹೋಗುವುದನ್ನು ಆರಂಭದ ಹೆಜ್ಜೆಯಾಗಿ ಸೂಚಿಸುತ್ತದೆ. ಎರಡು ವಾರದಲ್ಲಿ ಶೇಕಡ 25ನ್ನು ಮೀರಬಾರದೆಂದು ಎಲ್ಲೆ ಹಾಕುತ್ತದೆ. 1982ರಿಂದ 1994ರವರೆಗೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಇಂಥವರಿಗೆಂದೇ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಅವರ ಅನುಭವದ ಸಾರವೂ ಇದೇ: ವೇಗವನ್ನು ಗಡಿಯಾರ ಗೊತ್ತುಮಾಡಬಾರದು, ರೋಗಿಯ ಸ್ಥಿತಿ ಗೊತ್ತುಮಾಡಬೇಕು. ಒಂದು ಮೆಟ್ಟಲು ಇಳಿದಾಗ ತೊಂದರೆ ಹೆಚ್ಚಾದರೆ ಅಲ್ಲಿಯೇ ಕೆಲವು ವಾರ ನಿಲ್ಲುವುದು ಸೋಲಲ್ಲ.

ಇಳಿಯುವ ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ದಿನಕ್ಕೆ 1.5 ಮಿಲಿಗ್ರಾಂ ಆಲ್ಪ್ರಜೋಲಾಂ ಸೇವಿಸುವವನು 0.25ರ ಮಾತ್ರೆಯ ಅರ್ಧದಷ್ಟನ್ನು ಇಳಿಸಿದರೆ ಕಡಮೆಯಾಗುವುದು ಶೇಕಡ 8 ಮಾತ್ರ, ಸುಲಭ. ಆದರೆ ಕೊನೆಗೆ 0.25ರ ಒಂದೇ ಮಾತ್ರೆ ಉಳಿದಾಗ ಅದೇ ಅರ್ಧವನ್ನು ಇಳಿಸುವುದೆಂದರೆ ಶೇಕಡ 50ನ್ನು ಇಳಿಸಿದಂತೆ. ಬಹುಮಂದಿ "ಇನ್ನೇನು, ಅರ್ಧ ಮಾತ್ರೆ ತಾನೆ" ಎಂದು ಜಾರುವುದು ಈ ಕಡೆಯ ಮೆಟ್ಟಲುಗಳಲ್ಲಿ. ಅದಕ್ಕಾಗಿಯೇ ಕೆಲವರನ್ನು ವೈದ್ಯರು ದೀರ್ಘಕಾಲ ನಿಲ್ಲುವ ಡಯಜೆಪಾಮಿಗೆ ಬದಲಾಯಿಸಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಇಳಿಸುತ್ತಾರೆ. ವಯಸ್ಸಾದವರ ದೇಹದಲ್ಲಿ ಅದು ಶೇಖರವಾಗುವುದರಿಂದ ಈ ಬದಲಾವಣೆ ಎಲ್ಲರಿಗೂ ಹೊಂದದು, ಸ್ವಂತ ಕೈಯಿಂದ ಮಾಡಿಕೊಳ್ಳತಕ್ಕದ್ದಂತೂ ಅಲ್ಲವೇ ಅಲ್ಲ. ದಿನ ಬಿಟ್ಟು ದಿನ ನುಂಗುವ ಉಪಾಯವೂ ಜನಪ್ರಿಯವಾದುದು. ಬೇಗ ಇಳಿಯುವ ಮಾತ್ರೆಗಳಲ್ಲಿ ಅದು ಮೆದುಳನ್ನು ಒಂದು ದಿನ ತುಂಬಿಸಿ ಮರುದಿನ ಬರಿದುಮಾಡಿದಂತೆ. ಮಾತ್ರೆಯ ಕೊರತೆಯನ್ನು ಮದ್ಯದಿಂದ ತುಂಬುವ ಉಪಾಯ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಎರಡೂ ಗಾಬಾದ ಕಾರ್ಯಕ್ಕೇ ಬಲವನ್ನು ಕೂಡಿಸಿ, ಒಟ್ಟಾದಾಗ ಉಸಿರಾಟವನ್ನೇ ತಗ್ಗಿಸಬಲ್ಲುವು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಖಿನ್ನತೆಯ ಔಷಧದೊಡನೆ ಕ್ಲೋನಜೆಪಾಂ ಕೂಡಿಸಿದ ಮಾತ್ರೆಗಳು ಇಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಅಂಥ ಮಾತ್ರೆಯನ್ನು ಮುರಿದರೆ ಎರಡೂ ಔಷಧಗಳು ಒಟ್ಟಿಗೆ ಕಡಮೆಯಾಗುತ್ತವೆ, ಆದುದರಿಂದ ಇಳಿಸುವ ಮುನ್ನ ಅವನ್ನು ಬೇರೆ ಬೇರೆ ಮಾಡಿಸಿಕೊಳ್ಳುವುದು ಅವಶ್ಯ. ಹೊಟ್ಟೆಯುಬ್ಬರಕ್ಕೂ ಗ್ಯಾಸ್ಟ್ರಿಕ್ಕಿಗೂ ಎಂದು ವರ್ಷಗಟ್ಟಲೆ ನುಂಗುವ ಕೆಲವು ಮಾತ್ರೆಗಳಲ್ಲಿ ಕ್ಲಿಡಿನಿಯಂ ಎಂಬುದರ ಜೊತೆಗೆ ಕ್ಲೋರ್‌ಡಯಜೆಪಾಕ್ಸೈಡ್ ಇರುವುದುಂಟು. ತಾನು ನಿದ್ದೆ ಮಾತ್ರೆಯನ್ನು ಮುಟ್ಟಿಲ್ಲವೆಂದು ಹೆಮ್ಮೆಪಡುವ ಎಷ್ಟು ಮಂದಿ ಅದನ್ನು ಹೊಟ್ಟೆಯ ಹೆಸರಿನಲ್ಲಿ ಸೇವಿಸುತ್ತಿರುವರೋ! ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದುವುದು ಇಲ್ಲಿ ಮೊದಲ ಚಿಕಿತ್ಸೆ. ಫಿಟ್ಸ್ ತಡೆಯುವುದಕ್ಕೆಂದೇ ಕ್ಲೋನಜೆಪಾಮನ್ನೋ ಕ್ಲೋಬಜಾಮನ್ನೋ ಸೇವಿಸುವವರು ಈ ಲೇಖನವನ್ನು ಓದಿ ತಮ್ಮ ಮಾತ್ರೆಯನ್ನು ಮುಟ್ಟಬಾರದೆಂದೂ ಹೇಳಿಬಿಡುತ್ತೇನೆ.

ಕ್ರಮವಾಗಿ ಇಳಿಸಿದರೂ ಕಷ್ಟ ಸೊನ್ನೆಯಾಗದು. ಆ ಕಷ್ಟದ ಅತ್ಯಂತ ಮೋಸಕರವಾದ ರೂಪವೆಂದರೆ, ಅದು ಹಳೆಯ ರೋಗದ ವೇಷ ತೊಟ್ಟು ಬರುವುದು. ಎದೆ ಡವಗುಟ್ಟಿದ ಕೂಡಲೇ, "ನೋಡಿ, ಮಾತ್ರೆ ಇಲ್ಲದೆ ನನಗಾಗದು" ಎಂಬ ತೀರ್ಮಾನಕ್ಕೆ ಮನಸ್ಸು ಹಾರುತ್ತದೆ. ಪ್ರಮಾಣವನ್ನು ಇಳಿಸಿದ ಬೆನ್ನಿಗೇ ಬಂದುದೆ? ಹಿಂದೆ ಎಂದೂ ಇಲ್ಲದ ಸದ್ದಿನ ಅಸಹನೆ, ಮೈ ಜುಮುಗುಟ್ಟುವಿಕೆ ಇದರೊಡನೆ ಉಂಟೆ? ಎರಡು ದಿನ ಹೆಚ್ಚಿ ಮೂರು ದಿನ ತಗ್ಗುತ್ತಿದೆಯೆ? ಹಾಗಿದ್ದರೆ ಅದು ಬಹುಮಟ್ಟಿಗೆ ಇಳಿಯುವ ನೀರಿನ ಅಲೆ, ಹಳೆಯ ರೋಗವಲ್ಲ. ಆದರೆ ಫಿಟ್ಸ್, ದಿಕ್ಕುತೋಚದ ಗೊಂದಲ, ಇಲ್ಲದುದು ಕಾಣುವುದು ಕೇಳುವುದು, ಬದುಕು ಬೇಡವೆಂಬ ಯೋಚನೆ, ಇವು ಬಂದಾಗ ಲಕ್ಷಣವಿಚಾರ ಮಾಡುತ್ತ ಕೂರದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು, ಹೋಗಿ ಯಾವ ಮಾತ್ರೆಯನ್ನು ಎಂದಿನಿಂದ ಕಡಮೆ ಮಾಡಲಾಯಿತೆಂಬುದನ್ನು ಮೊದಲು ಹೇಳಬೇಕು. ನಡುರಾತ್ರಿಯ ಆತಂಕಕ್ಕೆ ಮಾತನಾಡುವ ದನಿ ಬೇಕಾದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇಂಥ ಅವಲಂಬನೆಯನ್ನೂ ನೋಡಿಕೊಳ್ಳುವ ವ್ಯಸನಚಿಕಿತ್ಸೆಯ ವಿಭಾಗವುಂಟು.

ಇಷ್ಟು ಕಷ್ಟವಿದ್ದರೆ ಬಿಡುವುದಾದರೂ ಏಕೆ, ಇದ್ದಂತೆ ಇರಲಿ ಎನ್ನುವವರ ಮಾತಿನಲ್ಲಿಯೂ ಸತ್ಯಾಂಶವಿದೆ. ತೀರ ವೃದ್ಧರಲ್ಲಿ, ಬೇರೆ ರೋಗಗಳಿಂದ ಜರ್ಜರಿತರಾದವರಲ್ಲಿ, ಪೂರ್ತಿ ಬಿಡಿಸುವ ಹಠ ಹಿತಕ್ಕಿಂತ ಅಹಿತವನ್ನೇ ಮಾಡೀತು. ಅವರಿಗೆ ಅರ್ಧಕ್ಕಿಳಿದುದೇ ದೊಡ್ಡ ಲಾಭ. ಆದರೆ ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿಯುವುದು, ಹೆಸರುಗಳು ಮರೆಯುವುದು, ಗಾಡಿ ಓಡಿಸುವಾಗ ಕಣ್ಣು ಮಂಪರಾಗುವುದು, ಇವೂ ಈ ಮಾತ್ರೆಗಳ ಸುಂಕವೇ. ಪ್ರಶ್ನೆ ಬಿಡಬೇಕೆ ಬೇಡವೆ ಎಂಬುದಕ್ಕಿಂತ, ಎಷ್ಟು ಬಿಡಬೇಕು, ಎಷ್ಟು ಕಾಲದಲ್ಲಿ ಬಿಡಬೇಕು ಎಂಬುದು. ಏರಿ ಒಡೆಯುವವನೂ ತೂಬಿಗೆ ತುಕ್ಕು ಹಿಡಿಯಲು ಬಿಡುವವನೂ ಕೆರೆಯ ಹಿತವನ್ನು ಬಲ್ಲವರಲ್ಲ.

ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತ್ರೆಯೂ ಅವರೊಡನೆ ಮರಳಿ ಬಂತು. ಮೊದಲು ಹಳೆಯ ಪ್ರಮಾಣದಲ್ಲಿ ನೆಲೆ ನಿಲ್ಲಿಸಿ ಆಮೇಲೆ ಇಳಿಸುವುದೆಂದು ವೈದ್ಯರು ಗೊತ್ತುಮಾಡಿದರು. ಅವರ ಬಳಿ ಹಳೆಯದೊಂದು ಖಾಲಿ ಹಾಜರಿ ಪುಸ್ತಕವಿತ್ತು. ಹುಡುಗರ ಹೆಸರು ಬರೆಯುವ ಕಡೆ ಬೆಳಿಗ್ಗೆ, ಸಂಜೆ, ರಾತ್ರಿ ಎಂದು ಬರೆದು, ತಾರೀಖಿನ ಮನೆಗಳಲ್ಲಿ ನುಂಗಿದ ಪ್ರಮಾಣವನ್ನೂ ಕೆಳಗಿನ ಸಾಲಿನಲ್ಲಿ ನಿದ್ದೆಯ ಗಂಟೆಗಳನ್ನೂ ಅವರು ಕೆಂಪು ಶಾಯಿಯಲ್ಲಿ ತುಂಬುತ್ತ ಬಂದಿದ್ದಾರೆ. ಆರಂಭಿಸಿ ಹದಿನಾಲ್ಕು ತಿಂಗಳಾಯಿತು. ನಡುವೆ ಎರಡು ಕಡೆ, ಒಂದೇ ಅಂಕಿ ಆರಾರು ವಾರ ಅಡ್ಡಲಾಗಿ ಸಾಗಿದೆ. ಅಲ್ಲಿ ಅವರು ಇಳಿಯದೆ ನಿಂತಿದ್ದರು. ಈಗ ಬೆಳಗಿನ ಸಾಲೂ ಸಂಜೆಯ ಸಾಲೂ ಖಾಲಿ; ರಾತ್ರಿಯ ಸಾಲಿನಲ್ಲಿ 0.25ರ ಅರ್ಧ ಉಳಿದಿದೆ.

ಮೊನ್ನೆ ಏರಿಯ ಮೇಲೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು, "ಏನು ಮೇಷ್ಟ್ರೇ, ಮಾತ್ರೆ ಬಿಟ್ಟಿರಂತೆ?" ಎಂದು ಕೇಳಿದರು. ಮೇಷ್ಟ್ರು ನಡೆಯುವುದನ್ನು ನಿಲ್ಲಿಸದೆ, ವ್ಯಾಕರಣದ ತಪ್ಪನ್ನು ತಿದ್ದುವ ದನಿಯಲ್ಲಿ, "ಬಿಟ್ಟಿಲ್ಲ ಕಣ್ರೀ, ಬಿಡ್ತಾ ಇದೀನಿ" ಎಂದರು. ಈ ಸಲ ನಾವು ಯಾರೂ ಭೇಷ್ ಎನ್ನಲಿಲ್ಲ. ಅವರ ನಡಿಗೆಗೆ ಸರಿಯಾಗಿ ನಮ್ಮ ನಡಿಗೆಯನ್ನು ನಿಧಾನ ಮಾಡಿಕೊಂಡೆವು.